ದೂರದ ದ್ವೀಪದಲ್ಲಿ ಲಂಗರು: ಬೆಂಗಳೂರಿನಿಂದ ಹೊರಟು ಕೊ ರೋಕ್ ಮುಟ್ಟುವ ಬಗೆ

ಬಾಡಿಗೆಗೆ ಹಾಯಿದೋಣಿ ಹಿಡಿದು ಅಂಡಮಾನ್ ಸಮುದ್ರದಲ್ಲಿ ಎಂಟು ರಾತ್ರಿ ಕಳೆದು ಬಂದೆವು ಎಂದಾಗ ಬೆಂಗಳೂರಿನ ಗೆಳೆಯರೆಲ್ಲ ಕೇಳಿದ್ದು ಎರಡೇ ಪ್ರಶ್ನೆ: ಎಷ್ಟಾಯಿತು, ಲೈಸೆನ್ಸ್ ಬೇಕಾ? ರಾತ್ರಿ ದೋಣಿಯನ್ನು ಎಲ್ಲಿ ನಿಲ್ಲಿಸಿದಿರಿ, ಬೆಳಿಗ್ಗೆ ಏಳುವಾಗ ಅದು ಅಲ್ಲೇ ಇತ್ತಾ ಎಂದು ಕೇಳಿದವರು ಹೊನ್ನಾವರದ ನನ್ನ ಸೋದರಮಾವ ಒಬ್ಬರೇ. ಆಯುಷ್ಯವೆಲ್ಲ ಮೀನುದೋಣಿಯಲ್ಲಿ ದುಡಿದವರು ಅವರು. ನಾವು ಮೊದಲ ಸಲ ಹೊರಡುವ ಮುಂಚೆಯೇ ಫೋನಿನಲ್ಲಿ ಕೇಳಿದ್ದರು: "ತಮಾ, ಹಾಯಿ ಎಲ್ಲರೂ ಕಟ್ತಾರೆ. ಲಂಗರು ಹಾಕೂಕೆ ಬತ್ತದಾ ನಿಂಗೆ?" ಬರುತ್ತದೆ ಅಂದೆ. ನಿಜವಾಗಿ ಬರುತ್ತಿರಲಿಲ್ಲ. ಆ ಕತೆ ಮುಂದೆ ಬರುತ್ತದೆ. ಜನವಸತಿಯಿಲ್ಲದ ದ್ವೀಪಕ್ಕೆ ಹೋಗಬೇಕು ಎನ್ನುವವರಿಗೆ ಮುಖ್ಯವಾದ ವಿದ್ಯೆ ಲಂಗರಿನದೇ ಎಂದು ಅನುಭವದಿಂದ ಗಟ್ಟಿಯಾಗಿರುವುದರಿಂದ, ಇಲ್ಲಿ ಹಾಯಿಗಿಂತ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ನಾನು ತೆಗೆದುಕೊಂಡಿರುವುದು ಥಾಯ್ಲೆಂಡಿನ ಕೊ ರೋಕ್. ಥಾಯ್ ಭಾಷೆಯಲ್ಲಿ ಕೊ ಅಂದರೆ ದ್ವೀಪ. ಇವು ಅಕ್ಕಪಕ್ಕದ ಎರಡು ದ್ವೀಪಗಳು: ರೋಕ್ ನೈ ಅಂದರೆ ಒಳಗಿನ ರೋಕ್, ರೋಕ್ ನೋಕ್ ಅಂದರೆ ಹೊರಗಿನ ರೋಕ್. ಕ್ರಾಬಿ ಪ್ರಾಂತ್ಯದ ಮು ಕೊ ಲಂತಾ ರಾಷ್ಟ್ರೀಯ ಉದ್ಯಾನಕ್ಕೆ ಸೇರಿವೆ. ಅಲ್ಲಿ ಹೋಟೆಲಿಲ್ಲ, ಪೇಟೆಯಿಲ್ಲ. ಉದ್ಯಾನದ ಸಿಬ್ಬಂದಿ ಇರುವ ಒಂದು ಠಾಣೆ, ಬಿಳಿ ಮರಳಿನ ದಂಡೆ, ಕಾಡಿನಿಂದ ಇಳಿದು ಬರುವ ದೊಡ್ಡ ದೊಡ್ಡ ಉಡಗಳು, ಎರಡು ದ್ವೀಪಗಳ ನಡುವಿನ ತಿಳಿನೀರಿನ ಸಂದು. ದೋಣಿ ಸಿಗುವುದು ಫುಕೆಟ್‌ನಲ್ಲಿ. ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಇಷ್ಟು ಹತ್ತಿರದಲ್ಲಿ ಇಷ್ಟು ಒಳ್ಳೆಯ ಕಡಲು ನಮಗೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ತಿಂಗಳು ಗೊತ್ತುಮಾಡಿ

ದೋಣಿ ಆಮೇಲೆ ನೋಡಬಹುದು. ಕರಾವಳಿಗೆ ಜೂನ್‌ನಲ್ಲಿ ಅಪ್ಪಳಿಸುವ ಮುಂಗಾರೇ ಥಾಯ್ಲೆಂಡಿನ ಪಶ್ಚಿಮ ತೀರಕ್ಕೂ ಬಡಿಯುತ್ತದೆ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ನೈಋತ್ಯದ ಗಾಳಿ ತೆರೆದ ಸಮುದ್ರದಿಂದ ನೇರವಾಗಿ ಬಂದು ಅಲೆಗಳನ್ನು ಎಬ್ಬಿಸುತ್ತದೆ. ಆ ಅವಧಿಯಲ್ಲಿ ಕೊ ರೋಕ್‌ನಂಥ ಹೊರಗಿನ ದ್ವೀಪಗಳನ್ನು ಉದ್ಯಾನದವರು ಮುಚ್ಚಿಯೇಬಿಡುತ್ತಾರೆ. ಹಿಂಗಾರು ಶುರುವಾದ ಮೇಲೆ ಗಾಳಿ ಈಶಾನ್ಯಕ್ಕೆ ತಿರುಗುತ್ತದೆ. ಆಗ ಅದು ನೆಲದ ಮೇಲಿಂದ ಬೀಸುವುದರಿಂದ ಗಾಳಿ ಸಾಕಷ್ಟಿದ್ದರೂ ಅಲೆ ಏಳುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಏಪ್ರಿಲ್‌ನಲ್ಲಿ ಗಾಳಿ ಬಿದ್ದುಹೋಗಿ ದಿನವೆಲ್ಲ ಎಂಜಿನ್ ಓಡಿಸಬೇಕಾಗುತ್ತದೆ.

ಬೆಂಗಳೂರಿನ ಸಂಸಾರಸ್ಥರಿಗೆ ಇಲ್ಲೇ ಒಂದು ಇಕ್ಕಟ್ಟು. ಮಕ್ಕಳಿಗೆ ರಜೆ ಇರುವುದು ದಸರೆಗೆ ಮತ್ತು ಬೇಸಿಗೆಗೆ. ಎರಡೂ ಈ ಕಡಲಿಗೆ ಹೊಂದುವುದಿಲ್ಲ. ಕ್ರಿಸ್‌ಮಸ್ ರಜೆ ಹೊಂದುತ್ತದೆ, ಆದರೆ ವರ್ಷದಲ್ಲೇ ಅತಿ ಹೆಚ್ಚು ಬಾಡಿಗೆ ಆ ಎರಡು ವಾರಕ್ಕೆ. ಸಂಕ್ರಾಂತಿ ಕಳೆದ ಮೇಲಿನ ವಾರಗಳಿಗೆ ಶಾಲೆಯಿಂದ ರಜೆ ಕೇಳಿಕೊಂಡು ಹೋಗುವುದೇ ಮೇಲು. ಚೀನೀ ಹೊಸವರ್ಷದ ವಾರ ಒಂದನ್ನು ಬಿಡಿ.

ತಿಂಗಳು ಗೊತ್ತಾದ ಮೇಲೆ ಗೋಡೆಯ ಮೇಲಿನ ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನದಲ್ಲಿ ಭರತ ಇಳಿತದ, ಅಂದರೆ ಸಮುದ್ರದ ಉಬ್ಬರವಿಳಿತದ, ಅಂತರ ಅತಿ ಹೆಚ್ಚು. ಫುಕೆಟ್ ಸುತ್ತಮುತ್ತ ಆಗ ಎರಡೂವರೆ ಮೀಟರಿಗೂ ಮೀರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಅಂತರ ಕಡಿಮೆ, ನೀರಿನ ಸೆಳೆತವೂ ಕಡಿಮೆ. ಮೊದಲ ಸಲ ಹೋಗುವವರು ದೂರದ ದ್ವೀಪದಲ್ಲಿರುವ ದಿನ ಅಷ್ಟಮಿ, ನವಮಿಯ ಹತ್ತಿರ ಬೀಳುವಂತೆ ಹೊಂದಿಸಿಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ. ಥಾಯ್ಲೆಂಡಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಭರತದ ವೇಳಾಪಟ್ಟಿ ಯಾವ ಸಮಯದಲ್ಲಿದೆ ಎಂದು ನೋಡಿಕೊಂಡೇ ಬರೆದಿಟ್ಟುಕೊಳ್ಳಿ.

ಬೆಂಗಳೂರಿನಲ್ಲಿದ್ದುಕೊಂಡೇ ಕಲಿಯಬಹುದಾದದ್ದು

ನಮ್ಮೂರಿಗೆ ಕಡಲಿಲ್ಲ, ಆದರೆ ಹಾಯಿಯ ನಂಟಿದೆ. ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು ಆ ಕೆರೆಯಲ್ಲಿ ಹಾಯಿ ಅಭ್ಯಾಸ ಮಾಡುವುದನ್ನು ಅನೇಕರು ನೋಡಿರುತ್ತೀರಿ. ಸೇನೆಯ ಎಂಜಿನಿಯರುಗಳ ತಂಡ 1985ರಿಂದ 1987ರವರೆಗೆ ತೃಷ್ಣಾ ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬಂದಿತ್ತು. ನಮ್ಮಂಥವರಿಗೆ ಕನ್ನಂಬಾಡಿಯ ಹಿನ್ನೀರಿದೆ, ಹೈದರಾಬಾದಿನ ಹುಸೇನ್ ಸಾಗರವಿದೆ, ಕಡಲೇ ಬೇಕೆಂದರೆ ಚೆನ್ನೈ, ಗೋವಾ, ಮುಂಬೈಗಳಿವೆ. ಸಣ್ಣ ದೋಣಿಯಲ್ಲಿ ಕಲಿತವರಿಗೆ ಗಾಳಿ ಮೈಗೆ ಹತ್ತುತ್ತದೆ. ಚುಕ್ಕಾಣಿ ಅರೆಗೇಣು ಸರಿಸಿದರೂ ದೋಣಿ ತಕ್ಷಣ ಉತ್ತರ ಕೊಡುತ್ತದೆ. ದೊಡ್ಡ ದೋಣಿಯಲ್ಲೇ ಮೊದಲ ಪಾಠ ಶುರುಮಾಡಿದವರಿಗೆ ಆ ಸೂಕ್ಷ್ಮ ಬರುವುದು ತಡ.

ಆಮೇಲೆ ಕಡಲಿನಲ್ಲಿ ದೊಡ್ಡ ದೋಣಿಯ ಒಂದು ಕೋರ್ಸ್. ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ಡೇ ಸ್ಕಿಪ್ಪರ್ ಪ್ರಾಯೋಗಿಕ ತರಬೇತಿ ಐದು ದಿನದ್ದು. ಅದನ್ನು ಬಹುತೇಕ ಎಲ್ಲ ಕಡೆ ಒಪ್ಪುತ್ತಾರೆ. ಥಾಯ್ಲೆಂಡಿನ ಕಂಪನಿಗಳು ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ ಅನುಭವದ ಪಟ್ಟಿಯನ್ನೇ ಕೇಳುತ್ತವೆ: ಎಷ್ಟು ಅಡಿಯ ದೋಣಿ, ಎಲ್ಲಿ, ಎಷ್ಟು ದಿನ, ನೀವೇ ಮುಖ್ಯಸ್ಥರಾಗಿದ್ದಿರಾ. ಇದನ್ನು ಮೊದಲ ದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಇನ್ನು ಮನೆಯಲ್ಲಿ ಮಾಡುವ ಅಭ್ಯಾಸ. ಗಂಟುಗಳು ಪುಸ್ತಕದಲ್ಲಿ ನೂರಿರಬಹುದು, ಬೇಕಾಗುವುದು ಮೂರು ನಾಲ್ಕು. ಬೋಲೈನ್, ಕ್ಲೀಟ್‌ಗೆ (ಹಗ್ಗ ಕಟ್ಟಲು ದೋಣಿಯ ಮೇಲಿರುವ ಕೊಂಬಿಗೆ) ಹಗ್ಗ ಸುತ್ತುವ ಬಗೆ, ಸರಪಳಿಗೆ ಬಿಗಿಯುವ ರೋಲಿಂಗ್ ಹಿಚ್. ಬಾಲ್ಕನಿಯ ಕಂಬಿ ಸಾಕು. ನಾನು ರಾಜಾಜಿನಗರದ ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನೇ ಬಿಚ್ಚಿ ಕಟ್ಟಿ ಕಲಿತೆ. ಎರಡು ವಾರದ ನಂತರ ಕರೆಂಟ್ ಹೋದ ಒಂದು ರಾತ್ರಿ ಕತ್ತಲಲ್ಲೇ ಬೋಲೈನ್ ಬಿತ್ತು. ಅವತ್ತು ಗಂಟು ಕೈಗೆ ಬಂತು ಎಂದು ಲೆಕ್ಕ. ಎಷ್ಟು ಎಳೆದರೂ ಜಾರದ, ಬೇಕೆಂದಾಗ ಸುಲಭವಾಗಿ ಬಿಚ್ಚಿಕೊಳ್ಳುವ ಗಂಟು ಅದು.

ಸ್ಯಾಂಕಿ ಕೆರೆಯ ಏರಿಯ ಮೇಲೆ ಸಂಜೆ ಅರ್ಧ ಗಂಟೆ ಕೂತು ನೀರನ್ನು ನೋಡಿ. ಗಾಳಿಯ ಒಂದು ಬೀಸು ಬರುವಾಗ ನೀರಿನ ಮೇಲೆ ಕಪ್ಪಾದ ಒಂದು ತೇಪೆ ಓಡಿ ಬರುತ್ತದೆ. ಅದು ದಡ ಮುಟ್ಟುವ ಕ್ಷಣಕ್ಕೇ ನಿಮ್ಮ ಕೆನ್ನೆಗೂ ತಾಗುತ್ತದೆ. ಬರುವ ಗಾಳಿಯನ್ನು ಹೀಗೆ ಮುಂಚೆಯೇ ಕಣ್ಣಿಂದ ಹಿಡಿಯುವುದನ್ನು ಕಡಲಿನಲ್ಲಿ ದಿನಕ್ಕೆ ಹತ್ತು ಸಲ ಮಾಡಬೇಕಾಗುತ್ತದೆ.

ದೋಣಿ, ಕರಾರು, ಚಾಲಕ

ಎರಡು ಬಗೆಯ ದೋಣಿ ಸಿಗುತ್ತದೆ. ಒಂಟಿ ಒಡಲಿನದು ಗಾಳಿಗೆ ಚೆನ್ನಾಗಿ ಓಡುತ್ತದೆ, ಬಾಡಿಗೆ ಕಡಿಮೆ, ಆದರೆ ವಾಲುತ್ತದೆ ಮತ್ತು ಸುಮಾರು ಎರಡು ಮೀಟರ್ ಆಳ ಬೇಡುತ್ತದೆ. ಕೆಟಮರಾನ್, ಅಂದರೆ ತಮಿಳರ ಕಟ್ಟುಮರದಿಂದ ಹೆಸರು ಪಡೆದ ಜೋಡಿ ಒಡಲಿನ ದೋಣಿ, ವಾಲುವುದಿಲ್ಲ, ಒಂದೂಕಾಲು ಮೀಟರ್ ಆಸುಪಾಸಿನ ನೀರು ಸಾಕು, ಅಡುಗೆಮನೆ ದೊಡ್ಡದು, ಬಾಡಿಗೆ ತುಂಬಾ ಹೆಚ್ಚು. ವಯಸ್ಸಾದವರು, ಮಕ್ಕಳು ಇದ್ದರೆ ಕೆಟಮರಾನ್ ತೆಗೆದುಕೊಳ್ಳಿ.

ಕರಾರಿನಲ್ಲಿ ನೋಡಬೇಕಾದ್ದು: ಠೇವಣಿ ಎಷ್ಟು, ಯಾವುದಕ್ಕೆ ಕಡಿತ ಮಾಡುತ್ತಾರೆ, ಡೀಸೆಲ್ ಯಾರದು, ಕೊನೆಯ ಶುಚಿಗೊಳಿಸುವ ಖರ್ಚು ಸೇರಿದೆಯೇ, ಯಾವ ಮಿತಿಯವರೆಗೆ ಹೋಗಬಹುದು. ಉದ್ಯಾನದ ಪ್ರವೇಶಶುಲ್ಕ ಬೇರೆ. ರಾತ್ರಿ ದೋಣಿ ಓಡಿಸಬಾರದು ಎಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಅದು ಇರಬೇಕಾದದ್ದೇ. ಕತ್ತಲಾದ ಮೇಲೆ ಆ ನೀರಿನಲ್ಲಿ ದೀಪವಿಲ್ಲದ ಸಣ್ಣ ದೋಣಿಗಳು, ಖಾಲಿ ಬಾಟಲಿ ಕಟ್ಟಿ ಗುರುತಿಟ್ಟ ಬಲೆಗಳು ಎಲ್ಲೆಲ್ಲೂ ಇರುತ್ತವೆ. ಪ್ರವಾಸ ವಿಮೆ ಮಾಡಿಸುವಾಗ ಹಾಯಿದೋಣಿ ಪ್ರಯಾಣಕ್ಕೆ ಅನ್ವಯಿಸುತ್ತದೆಯೇ ಎಂದು ಲಿಖಿತವಾಗಿ ಕೇಳಿ.

ಮೊದಲ ಸಲ ಚಾಲಕನನ್ನು ಕರೆದುಕೊಂಡೇ ಹೋಗಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅವರನ್ನು ಕೆಲಸಕ್ಕೆ ಹಚ್ಚಿ ನೀವು ಮಲಗಬೇಡಿ. ಮೊದಲ ದಿನವೇ ಹೇಳಿ: ಎಲ್ಲವನ್ನೂ ನಾವು ಮಾಡುತ್ತೇವೆ, ತಪ್ಪಾದಾಗ ಮಾತ್ರ ತಡೆಯಿರಿ. ಆ ಸಮುದ್ರ ಬಲ್ಲವರ ಪಕ್ಕ ಒಂದು ವಾರ ನಿಂತದ್ದರಿಂದ ನನಗೆ ಸಿಕ್ಕಿದ್ದು ಯಾವ ಕೋರ್ಸಿನಲ್ಲೂ ಸಿಕ್ಕಿರಲಿಲ್ಲ. ಎರಡನೆಯ ಸಲ ನಾವು ನಾವೇ ಹೋದೆವು.

ಅಲ್ಲಿಗೆ ಮುಟ್ಟುವ ಮುನ್ನದ ಮೂರು ದಿನದೊಳಗೆ ಥಾಯ್ಲೆಂಡಿನ ಡಿಜಿಟಲ್ ಆಗಮನ ಪತ್ರವನ್ನು ಆನ್‌ಲೈನಿನಲ್ಲಿ ತುಂಬಿ. 2025ರ ಮೇ 1ರಿಂದ ಅದು ಕಡ್ಡಾಯ, ಶುಲ್ಕವಿಲ್ಲ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಕೊಳ್ಳುವ ಮುಂಚೆ ನೋಡಿ.

ದೋಣಿ ವಶಕ್ಕೆ ಪಡೆಯುವ ಗಂಟೆ

ಮರೀನಾ, ಅಂದರೆ ಹಾಯಿದೋಣಿಗಳು ತಂಗುವ ಬಂದರು, ತಲುಪುವಾಗ ಎಲ್ಲರಿಗೂ ಆತುರ. ಸಾಮಾನು ಒಳಗಿಟ್ಟು ಹೊರಟರೆ ಸಾಕು ಅನ್ನಿಸುತ್ತದೆ. ಆ ಆತುರಕ್ಕೆ ನಾವು ದುಡ್ಡು ಕೊಟ್ಟೆವು. ದಡಕ್ಕೆ ಹೋಗಿಬರುವ ರಬ್ಬರ್ ದೋಣಿಯ ಮೋಟಾರಿನ ರೆಕ್ಕೆ ಮೊದಲೇ ಒಂದು ಕಡೆ ಮುಕ್ಕಾಗಿತ್ತು. ಫೋಟೊ ತೆಗೆದಿರಲಿಲ್ಲ, ಕಾಗದದಲ್ಲಿ ಬರೆಸಿರಲಿಲ್ಲ. ಹಿಂತಿರುಗಿದಾಗ ಅದನ್ನು ನಮ್ಮ ಲೆಕ್ಕಕ್ಕೇ ಹಾಕಿ ಠೇವಣಿಯಲ್ಲಿ ಮುರಿದುಕೊಂಡರು. ಆಗಿನಿಂದ ನನ್ನ ಅಕ್ಕ ಒಬ್ಬಳದ್ದೇ ಅದು ಕೆಲಸ: ದೋಣಿಯ ಸುತ್ತ, ಒಳಗೆ, ನೀರಿಗೆ ಇಳಿದು ತಳದಲ್ಲಿ, ಎಲ್ಲದರ ವಿಡಿಯೊ.

ಉಳಿದವರು ಇಷ್ಟು ನೋಡಿ. ಎಂಜಿನ್ನಿನ ಎಣ್ಣೆ, ಬೆಲ್ಟು, ಸಮುದ್ರದ ನೀರು ಸೋಸುವ ಜರಡಿ ಎಲ್ಲಿದೆ. ಒಡಲಿನ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪುಗಳು, ಕೈಪಂಪಿನ ಹಿಡಿ ಸಹಿತ. ತಲೆಗೊಂದರಂತೆ ಲೈಫ್ ಜಾಕೆಟ್, ಮಕ್ಕಳಿಗೆ ಮಕ್ಕಳ ಅಳತೆಯದು. ಅಪಾಯದ ಬೆಳಕುಬಾಣಗಳ ಮೇಲಿನ ದಿನಾಂಕ. ರೇಡಿಯೊ 16ನೇ ಚಾನೆಲ್‌ನಲ್ಲಿ ಕೇಳುತ್ತದೆಯೇ. ಹಾಯಿಯನ್ನು ಪೂರ್ತಿ ಬಿಚ್ಚಿ ಒಮ್ಮೆ, ಕುಗ್ಗಿಸಿ ಒಮ್ಮೆ.

ಆಮೇಲೆ ಮುಂಭಾಗಕ್ಕೆ ಹೋಗಿ ಲಂಗರಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ. ಸರಪಳಿ ಒಟ್ಟು ಎಷ್ಟು ಮೀಟರ್? ಎಷ್ಟು ಮೀಟರಿಗೊಂದು ಗುರುತು, ಯಾವ ಬಣ್ಣ ಎಷ್ಟಕ್ಕೆ? ಸರಪಳಿ ಎತ್ತುವ ವಿದ್ಯುತ್ ರಾಟೆ, ವಿಂಡ್ಲಾಸ್ ಅನ್ನುತ್ತಾರೆ, ಅದರ ಬ್ರೇಕರ್ ಸ್ವಿಚ್ ಎಲ್ಲಿದೆ? ಕೊನೆಯದು ಎಲ್ಲಕ್ಕಿಂತ ಮುಖ್ಯ: ಆಳ ತೋರಿಸುವ ಮೀಟರ್ ನೀರಿನ ಮೇಲ್ಮೈಯಿಂದ ಅಳೆಯುತ್ತದೆಯೇ, ದೋಣಿಯ ತಳದಿಂದಲೇ? ಒಂದೊಂದು ದೋಣಿಯಲ್ಲಿ ಒಂದೊಂದು ಥರ ಇಟ್ಟಿರುತ್ತಾರೆ. ಸರಪಳಿಯನ್ನು ಪೂರ್ತಿ ಹೊರಗೆ ಬಿಟ್ಟು ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ದಾರಿ

ಹಾಯಿದೋಣಿ ಗಂಟೆಗೆ ಐದಾರು ನಾಟಿಕಲ್ ಮೈಲಿ ಹೋಗುತ್ತದೆ. ಒಂದು ನಾಟಿಕಲ್ ಮೈಲಿ 1,852 ಮೀಟರ್. ಐದರ ಲೆಕ್ಕದಲ್ಲೇ ಯೋಜನೆ ಹಾಕಿ, ಆರು ಸಿಕ್ಕರೆ ಲಾಭ.

ಮೊದಲ ದಿನ ಮರೀನಾದಿಂದ ಹೊರಬಿದ್ದು ಫಾಂಗ್‌ನಾ ಕೊಲ್ಲಿಯ ಹತ್ತಿರದ ಯಾವುದಾದರೂ ದ್ವೀಪದ ಮರೆಯಲ್ಲಿ ನಿಲ್ಲಿ. ಆ ಕೊಲ್ಲಿ ಹೆಚ್ಚು ಆಳವಿಲ್ಲ, ತಳ ಕೆಸರು, ಲಂಗರು ಚೆನ್ನಾಗಿ ಕಚ್ಚುತ್ತದೆ, ಅಲೆಯಿಲ್ಲ. ಎರಡು ದಿನ ಅಲ್ಲೇ ಇದ್ದು ದಿನಕ್ಕೆ ಮೂರು ಸಲ ಲಂಗರು ಹಾಕಿ ಎತ್ತಿ ಅಭ್ಯಾಸ ಮಾಡಿ. ಮೂರನೆಯ ದಿನ ಫೀ ಫೀ ದ್ವೀಪಗಳು. ಫುಕೆಟ್‌ನ ಈಶಾನ್ಯ ತೀರದಿಂದ ಸುಮಾರು 28 ಮೈಲಿ. ಅಲ್ಲಿ ಪೇಟೆಯಿದೆ, ತರಕಾರಿ ಸಿಗುತ್ತದೆ. ಅಲ್ಲಿನ ಮಾಯಾ ಕೊಲ್ಲಿಗೆ ದೋಣಿ ಒಯ್ಯುವಂತಿಲ್ಲ. ಪ್ರವಾಸಿಗರ ದಟ್ಟಣೆಯಿಂದ ಹವಳ ಸತ್ತುಹೋಗುತ್ತಿದೆ ಎಂದು 2018ರಲ್ಲಿ ಅದನ್ನು ಮುಚ್ಚಿ, 2022ರ ಜನವರಿಯಲ್ಲಿ ತೆರೆದಾಗ ದೋಣಿಗಳನ್ನು ಹಿಂದಿನ ಬದಿಗೆ ಕಳಿಸಿದರು. ಒಳ್ಳೆಯ ಕೆಲಸ ಮಾಡಿದರು.

ಫೀ ಫೀಯಿಂದ ಕೊ ರೋಕ್ ಆಗ್ನೇಯಕ್ಕೆ, ಸುಮಾರು 36 ಮೈಲಿ. ಜನವರಿಯ ಈಶಾನ್ಯ ಗಾಳಿ ಎಡ ಮಗ್ಗುಲಿನಿಂದ ಬರುತ್ತದೆ, ವಾಪಸು ಬರುವಾಗ ಬಲ ಮಗ್ಗುಲಿನಿಂದ. ಹಾಯಿದೋಣಿಗೆ ಇದಕ್ಕಿಂತ ಒಳ್ಳೆಯ ಗಾಳಿ ಇಲ್ಲ, ಎರಡೂ ಕಡೆಗೆ ಓಡುತ್ತದೆ. ಏಳು ಗಂಟೆಯ ದಾರಿ ಎಂದಿಟ್ಟುಕೊಂಡು ಬೆಳಕು ಹರಿಯುತ್ತಿದ್ದಂತೆ ಹೊರಡಿ, ಮಧ್ಯಾಹ್ನ ಎರಡರೊಳಗೆ ಮುಟ್ಟುತ್ತೀರಿ. ಒಂದೇ ಸಲಕ್ಕೆ ಜಾಸ್ತಿ ಅನ್ನಿಸಿದರೆ ನಡುವೆ ಕೊ ಹಾ ಇದೆ, ಐದು ಬಂಡೆಗಳ ಗುಂಪು. ಹಾ ಅಂದರೆ ಥಾಯ್‌ನಲ್ಲಿ ಐದು. ಹವಾಮಾನವನ್ನು ಹಿಂದಿನ ಸಂಜೆ ಮತ್ತು ಹೊರಡುವ ಮುನ್ನ ಎರಡು ಸಲ ನೋಡಿ. ಅಲ್ಲಿಂದ ಮುಂದೆ ಮೊಬೈಲ್ ಸಿಗ್ನಲ್ ನಂಬಿಕೊಂಡು ಯಾವ ಯೋಜನೆಯನ್ನೂ ಮಾಡಬೇಡಿ. ನಕ್ಷೆಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಲಂಗರು

ಮಧ್ಯಾಹ್ನ ಎರಡಕ್ಕೆ ಮುಟ್ಟಬೇಕು ಎಂದದ್ದಕ್ಕೆ ಕಾರಣವಿದೆ. ಸೂರ್ಯ ಎತ್ತರದಲ್ಲಿ, ನಿಮ್ಮ ಬೆನ್ನ ಹಿಂದೆ ಇದ್ದಾಗ ಮಾತ್ರ ನೀರಿನ ತಳ ಓದಲು ಬರುತ್ತದೆ. ತಿಳಿ ಹಸಿರುನೀಲಿ ಕಂಡಲ್ಲಿ ಮರಳು. ಕಂದು ಬಣ್ಣ, ಕಪ್ಪು ಮಚ್ಚೆ ಕಂಡಲ್ಲಿ ಹವಳ. ಕಡುನೀಲಿ ಅಂದರೆ ಆಳ. ಸಂಜೆ ಐದರ ಓರೆ ಬಿಸಿಲಿಗೆ ಇವೆಲ್ಲ ಒಂದೇ ಬೆಳ್ಳಿ ತಗಡಾಗಿಬಿಡುತ್ತವೆ. ಪೋಲರೈಸ್ಡ್ ಕನ್ನಡಕ ಹಾಕಿಕೊಂಡ ಒಬ್ಬರು ದೋಣಿಯ ಮೂತಿಯಲ್ಲಿ ನಿಲ್ಲಲಿ. ವಿಂಡ್ಲಾಸ್ ಸದ್ದಿಗೆ ಮಾತು ಕೇಳುವುದಿಲ್ಲ, ಆದ್ದರಿಂದ ಕೈಸನ್ನೆ ಮೊದಲೇ ಗೊತ್ತುಮಾಡಿಕೊಳ್ಳಿ: ಮುಂದೆ, ಹಿಂದೆ, ನಿಲ್ಲು, ಎಡ, ಬಲ. ನಾವು ಇದನ್ನು ಬೆಂಗಳೂರಿನಲ್ಲಿ ತಾರಸಿಯ ಎರಡು ತುದಿಗೆ ನಿಂತು ಅಭ್ಯಾಸ ಮಾಡಿದ್ದೆವು.

ಹವಳದ ಮೇಲೆ ಲಂಗರು ಹಾಕಲೇಬಾರದು. ಉದ್ಯಾನದಲ್ಲಿ ಅದು ಅಪರಾಧ. ಅಪರಾಧವಲ್ಲದ ಕಡೆಯೂ ಹಾಕಬಾರದು. ಒಂದು ಸರಪಳಿ ಒಂದು ರಾತ್ರಿ ಅತ್ತಿತ್ತ ಉಜ್ಜಿದರೆ ಹತ್ತಾರು ವರ್ಷ ಬೆಳೆದದ್ದು ಪುಡಿಯಾಗುತ್ತದೆ.

ಮರಳಿನ ತೇಪೆ ಸಿಕ್ಕಿದ ಮೇಲೆ ಗಾಳಿಗೆ ಮುಖಮಾಡಿ ನಿಧಾನವಾಗಿ ಬಂದು ಪೂರ್ತಿ ನಿಲ್ಲಿಸಿ. ಲಂಗರನ್ನು ತಳ ಮುಟ್ಟುವವರೆಗೆ ಇಳಿಸಿ. ದೋಣಿ ತಾನಾಗಿ ಹಿಂದೆ ಸರಿಯತೊಡಗಿದಾಗ ಅದರ ಜೊತೆಗೇ ಸರಪಳಿ ಬಿಡುತ್ತಾ ಹೋಗಿ. ಒಂದೇ ಜಾಗದಲ್ಲಿ ರಾಶಿ ಸುರಿದರೆ ಸರಪಳಿ ಲಂಗರಿಗೇ ಸುತ್ತಿಕೊಳ್ಳುತ್ತದೆ.

ಎಷ್ಟು ಸರಪಳಿ ಬಿಡಬೇಕು? ಇಲ್ಲಿಯೇ ನಾನು ಎಡವಿದ್ದು. ನಮ್ಮ ಎರಡನೆಯ ಪ್ರಯಾಣದಲ್ಲಿ, ಫೀ ಫೀಯ ಒಂದು ಕೊಲ್ಲಿಯಲ್ಲಿ, ಇಳಿತದ ಹೊತ್ತಿಗೆ ಬಂದೆವು. ಮೀಟರ್ 5 ತೋರಿಸಿತು. ಐದು ಪಟ್ಟು ಬಿಡಬೇಕು ಎಂದು ಓದಿದ್ದೆ, 25 ಮೀಟರ್ ಬಿಟ್ಟೆ. ಊಟ ಮಾಡಿ ಮಲಗಿದೆವು. ರಾತ್ರಿ ಎರಡರ ಹೊತ್ತಿಗೆ ಭಾವ ನನ್ನ ಭುಜ ಅಲ್ಲಾಡಿಸಿದರು. "ಏಳು, ಏಳು. ಮಲಗುವಾಗ ಆ ಮೀನುದೋಣಿಯ ದೀಪ ನಮ್ಮ ಬಲಕ್ಕಿತ್ತು. ಈಗ ನೋಡು, ನೆಟ್ಟಗೆ ಎದುರಿಗಿದೆ." ಮೂತಿಗೆ ಓಡಿ ಸರಪಳಿಯ ಮೇಲೆ ಅಂಗೈ ಇಟ್ಟೆ. ಲಂಗರು ಕಚ್ಚಿದ್ದರೆ ಸರಪಳಿ ಸುಮ್ಮನೆ ಬಿಗಿಯಾಗಿರುತ್ತದೆ. ನನ್ನ ಕೈಗೆ ಗರಗರ ಎಂಬ ನಡುಕ ತಾಗುತ್ತಿತ್ತು, ಕಲ್ಲಿನ ಮೇಲೆ ಬಿಂದಿಗೆ ಎಳೆದ ಹಾಗೆ. ಲಂಗರು ತಳದ ಮೇಲೆ ಜಾರುತ್ತಿತ್ತು. ಎಂಜಿನ್ ಹಚ್ಚಿ, ಟಾರ್ಚ್ ಹಿಡಿದು, ಎಲ್ಲ ಎತ್ತಿ ಮತ್ತೆ ಹಾಕಿ ಮುಗಿಸುವಾಗ ನಾಲ್ಕು ಗಂಟೆ.

ಬೆಳಿಗ್ಗೆ ಲೆಕ್ಕ ಹಾಕಿದೆ. ಆ ಮೀಟರ್ ಅಳೆಯುತ್ತಿದ್ದದ್ದು ದೋಣಿಯ ತಳದಿಂದ, ಆದ್ದರಿಂದ 5ಕ್ಕೆ 2 ಸೇರಿಸಬೇಕಿತ್ತು. ನೀರಿನಿಂದ ಮೂತಿಯ ಎತ್ತರ 1.2. ರಾತ್ರಿ ಏರಿದ ಭರತ 2.4. ಒಟ್ಟು 10.6 ಮೀಟರ್. ನಾನು ಬಿಟ್ಟ 25 ಮೀಟರ್ ಅದರ ಎರಡೂವರೆ ಪಟ್ಟೂ ಇರಲಿಲ್ಲ. ಸರಪಳಿ ಉದ್ದವಿದ್ದಾಗ ಅದರ ಭಾರ ತಳದ ಮೇಲೆ ಮಲಗಿ, ಎಳೆತ ಅಡ್ಡಕ್ಕೆ ಬಂದು ಲಂಗರು ಇನ್ನಷ್ಟು ಹೂಳುತ್ತದೆ. ಗಿಡ್ಡವಾದರೆ ಎಳೆತ ಮೇಲಕ್ಕಾಗಿ ಲಂಗರು ಕಿತ್ತುಬರುತ್ತದೆ.

ಆದ್ದರಿಂದ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಚುಕ್ಕಾಣಿಯ ಪಕ್ಕ ಅಂಟಿಸಿ: ನಿಜವಾದ ಆಳ, ಅದಕ್ಕೆ ಮೂತಿಯ ಎತ್ತರ, ಅದಕ್ಕೆ ಇನ್ನೂ ಏರಲಿರುವ ಭರತ, ಒಟ್ಟಿಗೆ ಐದರಿಂದ ಗುಣಿಸಿ. ಇಳಿತದಲ್ಲಿ 6 ಮೀಟರ್ ಇದ್ದು ಭರತ 2.5 ಏರಲಿದ್ದರೆ ಸುಮಾರು 50 ಮೀಟರ್ ಸರಪಳಿ ಬೇಕಾಯಿತು. ಅಷ್ಟು ಸರಪಳಿ ಇಲ್ಲದಿದ್ದರೆ ಆ ಜಾಗ ನಿಮಗಲ್ಲ. ನನ್ನ ಮಾವ ಆಳವನ್ನು ಮಾರಿನಲ್ಲಿ ಹೇಳುವವರು, ಎರಡು ಕೈ ಚಾಚಿದ ಅಳತೆಯಲ್ಲಿ. ಈ ಲೆಕ್ಕ ಹೇಳಿದಾಗ ಅವರು ಹೇಳಿದ್ದು, ಭರತವನ್ನು ಸೇರಿಸದೆ ಆಳ ಹೇಳುವವರನ್ನು ತಮ್ಮ ದೋಣಿಗೆ ಹತ್ತಿಸಿಕೊಳ್ಳುತ್ತಿರಲಿಲ್ಲ ಎಂದು.

ಸರಪಳಿ ಬಿಟ್ಟ ಮೇಲೆ ಎಂಜಿನ್ನನ್ನು ನಿಧಾನವಾಗಿ ಹಿಂದಕ್ಕೆ ಹಾಕಿ, ಮೆಲ್ಲಗೆ ವೇಗ ಏರಿಸಿ ಅರ್ಧ ನಿಮಿಷ ಹಿಡಿಯಿರಿ. ಈ ಹೊತ್ತಿಗೆ ದಡದ ಎರಡು ವಸ್ತುಗಳನ್ನು ಒಂದೇ ಗೆರೆಯಲ್ಲಿ ನೋಡುತ್ತಿರಬೇಕು, ಹತ್ತಿರದ ಒಂದು ಬಂಡೆ, ಅದರ ಹಿಂದಿನ ಒಂದು ಮರ. ಬಂಡೆಯೂ ಮರವೂ ಒಂದರಿಂದೊಂದು ಸರಿದರೆ ನೀವು ಜಾರುತ್ತಿದ್ದೀರಿ, ಎತ್ತಿ ಮತ್ತೆ ಹಾಕಿ. ಸರಿಯದಿದ್ದರೆ ಸರಪಳಿಯ ಭಾರವನ್ನು ಒಂದು ದಪ್ಪ ಹಗ್ಗಕ್ಕೆ ಒಪ್ಪಿಸಿ, ವಿಂಡ್ಲಾಸ್ ಮೇಲೆ ಬಿಡಬೇಡಿ. ಕೆಟಮರಾನ್‌ನಲ್ಲಿ ಎರಡೂ ಒಡಲಿಗೆ ಕಟ್ಟುವ ಬ್ರೈಡಲ್ ಹಗ್ಗ ಇರುತ್ತದೆ. ಆಮೇಲೆ ನೀರೊಳಗೆ ನೋಡುವ ಮುಖವಾಡ ಹಾಕಿ ಈಜಿಕೊಂಡು ಹೋಗಿ ಲಂಗರನ್ನು ಕಣ್ಣಾರೆ ನೋಡಿ. ಕೊ ರೋಕ್‌ನ ನೀರಿನಲ್ಲಿ ಮೇಲಿಂದಲೇ ಕಾಣುತ್ತದೆ: ತುದಿ ಮರಳಿನಲ್ಲಿ ಪೂರ್ತಿ ಮುಳುಗಿ, ಹಿಂದೆ ಒಂದು ಸಣ್ಣ ಉಬ್ಬು ಎದ್ದಿದ್ದರೆ ನಿಶ್ಚಿಂತೆ. ಅಡ್ಡ ಬಿದ್ದಿದ್ದರೆ ಇನ್ನೊಮ್ಮೆ ಮಾಡಿ, ಯಾರು ಎಷ್ಟೇ ಹಸಿದಿರಲಿ.

ಮೂರಿಂಗ್ ಇದ್ದಲ್ಲಿ

ಕೊ ರೋಕ್‌ನ ಸಂದಿನಲ್ಲಿ ಉದ್ಯಾನದವರು ತಳಕ್ಕೆ ಭದ್ರಮಾಡಿ ಬಿಟ್ಟ ತೇಲುಗುಂಡುಗಳಿವೆ, ಮೂರಿಂಗ್. ಖಾಲಿ ಇದ್ದರೆ ಲಂಗರು ಹಾಕುವ ಬದಲು ಅದನ್ನೇ ಹಿಡಿಯಿರಿ. ಹಗಲು ದಿನಪ್ರವಾಸದ ಸ್ಪೀಡ್‌ಬೋಟುಗಳು ಹಿಡಿದುಕೊಂಡಿರುತ್ತವೆ, ಮಧ್ಯಾಹ್ನ ಇಳಿಯುತ್ತಿದ್ದಂತೆ ಹೊರಟುಹೋಗುತ್ತವೆ. ಅಲ್ಲಿವರೆಗೆ ಹೊರಗೆ ಕಾಯಿರಿ. ನಿಮ್ಮ ಹಗ್ಗವನ್ನು ಮೂರಿಂಗ್‌ನ ಕುಣಿಕೆಯೊಳಗಿಂದ ತೂರಿಸಿ ಮತ್ತೆ ನಿಮ್ಮ ದೋಣಿಗೇ ತಂದು ಕಟ್ಟಿ, ಆಗ ಬಿಡುವಾಗ ಒಂದು ತುದಿ ಬಿಟ್ಟರೆ ಸಾಕು. ಕಟ್ಟಿದ ಮೇಲೆ ಕೆಳಗೆ ಮುಳುಗಿ ಅದರ ಹಗ್ಗ ಸವೆದಿದೆಯೇ ನೋಡಿ. ಇನ್ಯಾರೋ ಹಾಕಿದ ಹಗ್ಗವನ್ನು ನೋಡದೆ ನಂಬಿ ಮಲಗುವುದು ಸಲ್ಲ.

ಸಂದಿನಲ್ಲಿ ಭರತ ಇಳಿತದ ಹರಿವಿರುವುದರಿಂದ ದೋಣಿಗಳು ಗಾಳಿಗಿಂತ ನೀರಿನ ಮಾತನ್ನೇ ಕೇಳುತ್ತವೆ, ಹರಿವು ತಿರುಗಿದಾಗ ಇಡೀ ದೋಣಿ ಸುತ್ತು ಹೊಡೆಯುತ್ತದೆ. ಪಕ್ಕದವರಿಂದ ಆ ಸುತ್ತಿಗೆ ಬೇಕಾದಷ್ಟು ದೂರ ಬಿಡಿ. ಈಜುವವರು ಹರಿವಿನ ಎದುರಿಗೆ ಹೊರಟು ಹರಿವಿನ ಜೊತೆ ವಾಪಸಾಗಬೇಕು.

ರಾತ್ರಿ

ಕತ್ತಲಾಗುವ ಮುಂಚೆ ಹಾಯಿ ಕಟ್ಟುವ ಕೂವೆಮರದ ತುದಿಯ ಬಿಳಿ ದೀಪ ಹಚ್ಚಿ. ಫೋನಿನಲ್ಲಿ ಲಂಗರಿನ ಅಲಾರಂ ಆ್ಯಪ್ ಹಾಕಿ, ಚಾರ್ಜರಿಗೆ ಸಿಕ್ಕಿಸಿ ಚುಕ್ಕಾಣಿ ಹಿಡಿಯುವವರ ತಲೆಯ ಹತ್ತಿರ ಇಡಿ. ರಬ್ಬರ್ ದೋಣಿಯನ್ನು ಮೇಲೆತ್ತಿ ಕಟ್ಟಿ. ಮಲಗುವ ಮುನ್ನ ಒಮ್ಮೆ ಡೆಕ್ ಸುತ್ತಿ, ಕಾಣುವ ದೀಪಗಳು ಯಾವ ದಿಕ್ಕಿಗಿವೆ ಎಂದು ಎಲ್ಲರೂ ನೋಡಿಕೊಳ್ಳಿ. ನಮ್ಮನ್ನು ಉಳಿಸಿದ್ದು ಭಾವನ ಆ ನೋಟವೇ.

ದಿಗಂತದಲ್ಲಿ ಹಸಿರು ಬೆಳಕು ಕಂಡರೆ ಗಾಬರಿ ಬೇಡ, ಹಸಿರು ದೀಪ ಹಚ್ಚಿ ಕಣವೆ ಮೀನು ಹಿಡಿಯುವ ದೋಣಿಗಳವು. ನಮ್ಮ ಕರಾವಳಿಯವರು ಬೊಂಡಾಸ ಅನ್ನುತ್ತಾರಲ್ಲ, ಅದೇ ಮೀನು.

ನೀರು, ಊಟ, ಹೊಟ್ಟೆ

ಟ್ಯಾಂಕಿನ ಸಿಹಿನೀರು ಕೆಲವು ನೂರು ಲೀಟರ್ ಮಾತ್ರ, ಕೊ ರೋಕ್‌ನಲ್ಲಿ ತುಂಬಿಸುವ ವ್ಯವಸ್ಥೆ ಇಲ್ಲವೆಂದೇ ತಿಳಿಯಿರಿ. 2024ರ ಬೇಸಿಗೆಯಲ್ಲಿ ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿದ ಬೆಂಗಳೂರಿನವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಪಾತ್ರೆಯನ್ನು ಮೊದಲು ಉಪ್ಪುನೀರಿನಲ್ಲಿ ತೊಳೆದು, ಕೊನೆಗೊಮ್ಮೆ ಸಿಹಿನೀರು. ಕುಡಿಯುವ ನೀರಿನ ಕ್ಯಾನ್ ಬೇರೆ ಇರಲಿ.

ಊಟಕ್ಕೆ ಅವಲಕ್ಕಿ, ಹುರಿಹಿಟ್ಟು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ. ಅಲೆಯಲ್ಲಿ ಒಲೆ ಹಚ್ಚಲಾಗದ ದಿನ ಮೊಸರವಲಕ್ಕಿಗೆ ಸಮನಾದದ್ದಿಲ್ಲ. ಕಡಲಬೇನೆ ಬರುವವರು ಮಾತ್ರೆಯನ್ನು ವೈದ್ಯರಲ್ಲಿ ಕೇಳಿ ಹಿಂದಿನ ರಾತ್ರಿಯೇ ತೆಗೆದುಕೊಳ್ಳಬೇಕು, ಶುರುವಾದ ಮೇಲೆ ನುಂಗಿದರೆ ಉಳಿಯುವುದಿಲ್ಲ. ಅಂಥವರ ಕೈಗೆ ಚುಕ್ಕಾಣಿ ಕೊಡಿ. ದಿಗಂತ ನೋಡುತ್ತಾ ಕೆಲಸ ಮಾಡುವವರಿಗೆ ಬೇನೆ ಕಡಿಮೆ.

ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಥಾಯ್ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷಿದ್ಧ. ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಸಹ 2021ರಿಂದ ನಿಷಿದ್ಧ, ಅವು ಹವಳಕ್ಕೆ ವಿಷ. ಬೆಂಗಳೂರಿನಲ್ಲಿ ಕೊಳ್ಳುವಾಗಲೇ ಡಬ್ಬಿಯ ಹಿಂದೆ ಓದಿ. ಉದ್ದ ತೋಳಿನ ಅಂಗಿ ಹಾಕಿಕೊಂಡರೆ ಅದರ ಗೋಜೇ ಇಲ್ಲ. ದಡದಲ್ಲಿ ತೊಂದರೆಯಾದರೆ ಪ್ರವಾಸಿ ಪೊಲೀಸರ ಸಂಖ್ಯೆ 1155.

ವಾಪಸು

ಲಂಗರು ಎತ್ತುವಾಗ ವಿಂಡ್ಲಾಸ್‌ನಿಂದ ದೋಣಿಯನ್ನು ಎಳೆಸಬೇಡಿ. ಎಂಜಿನ್ ಹಚ್ಚಿ, ಮೂತಿಯಲ್ಲಿ ನಿಂತವರು ಸರಪಳಿ ಎತ್ತ ಚಾಚಿದೆ ಎಂದು ಕೈ ತೋರಿಸಿದ ಕಡೆಗೆ ಮೆಲ್ಲಗೆ ಹೋಗುತ್ತಾ, ಸಡಿಲವಾದಷ್ಟನ್ನೇ ಎತ್ತಿ. ಬಂಡೆಗೆ ಸಿಕ್ಕಿಕೊಂಡರೆ ಜಗ್ಗಬೇಡಿ, ಮುಳುಗಿ ನೋಡಿ ಯಾವ ಕಡೆಯಿಂದ ಬಿಡಿಸಬಹುದು ಎಂದು ತಿಳಿದು ಆ ಕಡೆಗೆ ದೋಣಿ ಒಯ್ಯಿರಿ.

ದೋಣಿ ಒಪ್ಪಿಸುವ ಹಿಂದಿನ ರಾತ್ರಿ ಮರೀನಾದಿಂದ ಒಂದೆರಡು ಗಂಟೆಯ ದೂರದೊಳಗೇ ಇರಿ. ಫುಕೆಟ್‌ನ ಕೆಲವು ಮರೀನಾಗಳ ಕಾಲುವೆಯಲ್ಲಿ ಇಳಿತದ ಹೊತ್ತಿಗೆ ದೋಣಿ ತಳ ಮುಟ್ಟುತ್ತದೆ, ಆದ್ದರಿಂದ ಒಳಗೆ ಹೋಗುವ ಗಂಟೆಯನ್ನು ಭರತ ನೋಡಿಯೇ ಗೊತ್ತುಮಾಡಿ, ಕಂಪನಿಯವರಿಗೆ ಹಿಂದಿನ ದಿನವೇ ತಿಳಿಸಿ. ಡೀಸೆಲ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಮೊದಲ ದಿನ ತೆಗೆದ ವಿಡಿಯೊವನ್ನು ಪಕ್ಕದಲ್ಲಿಟ್ಟುಕೊಂಡು ಅದೇ ಜಾಗಗಳನ್ನು ಅದೇ ಕ್ರಮದಲ್ಲಿ ಇನ್ನೊಮ್ಮೆ ತೆಗೆಯಿರಿ, ರಬ್ಬರ್ ದೋಣಿಯ ಮೋಟಾರಿನ ರೆಕ್ಕೆ ಸಹಿತ.